ಹಳೆಯ ಸಿನಿಮಾ ಪೋಸ್ಟರ್: ಅಸಲಿ ಯಾವುದು, ಕಟ್ಟು ಹಾಕಿಸುವುದು ಹೇಗೆ?

ಕೊಳ್ಳೇಗಾಲ: ಟಾಕೀಸಿನ ಗೋಡೆಯ ಮೇಲೆ ಎರಡು ವಾರ ಮೆರೆದು, ಮೂರನೆಯ ವಾರ ಇನ್ನೊಂದು ಚಿತ್ರದ ಅಡಿ ಸೇರುವುದು ಸಿನಿಮಾ ಪೋಸ್ಟರಿನ ಹಣೆಬರಹ. ಬಾಳಿಕೆ ಬರಲಿ ಎಂದು ಅದನ್ನು ಯಾರೂ ಮುದ್ರಿಸಲಿಲ್ಲ. ತೆಳು ಕಾಗದ, ಅಗ್ಗದ ಶಾಯಿ, ಹಿಂಬದಿಗೆ ಮೈದಾ ಗಂಜಿ. ಒಂದು ಮಳೆ ಬಿದ್ದರೆ ಕಥೆ ಮುಗಿಯಿತು. ಹಾಗಿದ್ದೂ ಮುಚ್ಚಿದ ಚಿತ್ರಮಂದಿರದ ಪ್ರೊಜೆಕ್ಟರ್ ಕೋಣೆಯಲ್ಲಿ, ಮನೆಯ ಟ್ರಂಕಿನ ತಳದಲ್ಲಿ, ಗುಜರಿ ಅಂಗಡಿಯ ರದ್ದಿಯ ಕಟ್ಟಿನ ನಡುವೆ ಅಂಟಿಸದೆ ಉಳಿದ ಪ್ರತಿಗಳು ಆಗೀಗ ಕಣ್ಣಿಗೆ ಬೀಳುತ್ತವೆ. ಅವನ್ನು ಕೊಂಡು ನಡುಮನೆಯ ಗೋಡೆಗೆ ತೂಗುಹಾಕುವ ಅಭಿರುಚಿ ನಗರಗಳಲ್ಲಿ ಬೆಳೆದಿದೆ. ಅದರ ಬೆನ್ನಿಗೇ ನಕಲಿ ಮಾಲೂ ಬೆಳೆದಿದೆ.

ಪೋಸ್ಟರಿನ ನಡುಭಾಗದಲ್ಲಿ ನಾಯಕನ ಮುಖವಿರುತ್ತದೆ, ಅಂಚಿನಲ್ಲಿ ಅದರ ವಯಸ್ಸಿರುತ್ತದೆ. ಮುದ್ರಣಾಲಯದ ಹೆಸರು, ಊರು, ಹಂಚಿಕೆದಾರರ ವಿಳಾಸ ಎಲ್ಲವೂ ಕೆಳಗಿನ ಒಂದಂಗುಲದ ಪಟ್ಟಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಕುಳಿತಿರುತ್ತವೆ. ದುರದೃಷ್ಟವೆಂದರೆ, ಕಟ್ಟು ಹಾಕುವ ಅಂಗಡಿಯಲ್ಲಿ ಮೊದಲು ಕತ್ತರಿ ಬೀಳುವುದೂ ಅದಕ್ಕೇ. ಚೌಕಟ್ಟಿಗೆ ಸರಿಹೊಂದಲಿ ಎಂದು ಅಂಚು ಸವರಿ, ಪ್ಲೈವುಡ್ಡಿಗೆ ಅಂಟಿಸಿ, ಮೇಲೊಂದು ಲ್ಯಾಮಿನೇಷನ್ ಹೊದಿಸಿದರೆ ಅಸಲಿ ಪೋಸ್ಟರಿಗೂ ನಕಲಿಗೂ ಇದ್ದ ವ್ಯತ್ಯಾಸವನ್ನು ನಾವೇ ಅಳಿಸಿದಂತಾಗುತ್ತದೆ. ಆದ್ದರಿಂದ ಅಸಲಿತನದ ಪರೀಕ್ಷೆ ಮತ್ತು ಕಟ್ಟು ಹಾಕಿಸುವಿಕೆ ಎರಡು ಬೇರೆ ವಿಷಯಗಳಲ್ಲ.

ಗಡಿಯ ಎರಡು ಬದಿ

ಕೊಳ್ಳೇಗಾಲ, ಹನೂರು, ಯಳಂದೂರು ಇಂದು ಚಾಮರಾಜನಗರ ಜಿಲ್ಲೆಯ ನೆರೆಹೊರೆಯ ತಾಲ್ಲೂಕುಗಳು. 1956ರ ನವೆಂಬರ್ 1ಕ್ಕೆ ಮುಂಚೆ ಇವುಗಳ ನಡುವೆ ರಾಜ್ಯದ ಗಡಿಯೇ ಹಾದುಹೋಗಿತ್ತು. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ದೊರೆತ ಯಳಂದೂರು ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಹನೂರನ್ನೂ ಒಳಗೊಂಡ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯ ನಂತರ ಕೊಳ್ಳೇಗಾಲ ಮೈಸೂರು ಜಿಲ್ಲೆಗೆ ಬಂತು. 1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾಯಿತು. ಹನೂರು ಪ್ರತ್ಯೇಕ ತಾಲ್ಲೂಕಾದದ್ದು ಈಚಿನ ಮಾತು.

ಪೋಸ್ಟರ್ ಸಂಗ್ರಾಹಕನಿಗೆ ಈ ಇತಿಹಾಸ ಬಹಳ ಉಪಯುಕ್ತ. ಕೊಳ್ಳೇಗಾಲದ ನಾಟಕದ ಕರಪತ್ರವೊಂದರಲ್ಲಿ ‘ಕೊಯಮತ್ತೂರು ಜಿಲ್ಲೆ’ ಎಂದು ಅಚ್ಚಾಗಿದ್ದರೆ ಅದು 1956ರ ಈಚಿನದಾಗಿರಲು ಸಾಧ್ಯವಿಲ್ಲ. ‘ಮೈಸೂರು ಜಿಲ್ಲೆ’ ಎಂದಿದ್ದರೆ 1956 ಮತ್ತು 1997ರ ನಡುವಿನದು. ಅದರೊಳಗೂ ‘ಮೈಸೂರು ರಾಜ್ಯ’ ಎಂದಿದ್ದರೆ ಅದು 1973ರ ನವೆಂಬರ್ 1ಕ್ಕೆ, ಅಂದರೆ ಕರ್ನಾಟಕವೆಂಬ ಹೆಸರು ಬರುವುದಕ್ಕೆ ಮುಂಚಿನದು. ಒಂದು ಸಾಲು ವಿಳಾಸ ಇಷ್ಟನ್ನು ಹೇಳುವ ಸೀಮೆ ರಾಜ್ಯದಲ್ಲಿ ಹೆಚ್ಚಿಲ್ಲ.

ಈ ಭಾಗಕ್ಕೂ ಕನ್ನಡ ಚಿತ್ರರಂಗಕ್ಕೂ ಇರುವ ನಂಟು ಬಲ್ಲವರಿಗೆ ಹೊಸದಲ್ಲ. ಡಾ. ರಾಜ್‌ಕುಮಾರ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಹೆಸರಿನಲ್ಲೇ ಇರುವ ಊರು ಕೊಳ್ಳೇಗಾಲದ ಮಗ್ಗುಲಿನದು. ರಾಜ್‌ಕುಮಾರ್ 1929ರ ಏಪ್ರಿಲ್ 24ರಂದು ಹುಟ್ಟಿದ ಗಾಜನೂರು ಅಂದು ಅದೇ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಇಂದು ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿದೆ. ತಂದೆ, ಮಗ ಇಬ್ಬರೂ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬಣ್ಣ ಹಚ್ಚಿದವರು. ಇತ್ತ ಯಳಂದೂರು ತಾಲ್ಲೂಕಿನ ಅಗರ ನಾಟಕಕಾರ ಸಂಸರ ಹುಟ್ಟೂರು. ಸಿನಿಮಾ ಪೋಸ್ಟರಿಗಿಂತ ಹಿಂದಿನ ಪೀಳಿಗೆಯ ನಾಟಕದ ಕರಪತ್ರಗಳನ್ನು ಇಲ್ಲಿ ಹುಡುಕುವುದು ವ್ಯರ್ಥವಲ್ಲ ಎನ್ನಲು ಇಷ್ಟು ಸಾಕು. ಹಳ್ಳಿಗರೇ ವೇಷ ಕಟ್ಟಿ ಆಡುವ ‘ಕುರುಕ್ಷೇತ್ರ’ ನಾಟಕಕ್ಕೆ ಪಾತ್ರಧಾರಿಗಳೆಲ್ಲರ ಹೆಸರು, ಹಾರ್ಮೋನಿಯಂ ಮಾಸ್ತರರ ಹೆಸರು, ಸೀನರಿಯವರ ಹೆಸರು ಬರೆದು ವಾಲ್‌ಪೋಸ್ಟರ್ ಅಚ್ಚು ಹಾಕಿಸುವ ಸಂಪ್ರದಾಯ ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಇನ್ನೂ ಜೀವಂತವಾಗಿದೆ. ಅದನ್ನು ಮಾತ್ರ ಯಾರೂ ಸಂಗ್ರಹಿಸುತ್ತಿಲ್ಲ. ಐವತ್ತು ವರ್ಷಗಳ ನಂತರ ಅದಕ್ಕೂ ಗಿರಾಕಿ ಬಂದಾನು.

ಏನೇನು ಸಿಗುತ್ತದೆ

ಭಾರತದಲ್ಲಿ ಸಾಮಾನ್ಯವಾಗಿ ಕಾಣುವ ಪೋಸ್ಟರಿನ ಅಳತೆ 30×40 ಅಂಗುಲ. ಅದರ ಅರ್ಧದಷ್ಟಿರುವ 20×30 ಅಂಗುಲದ್ದೂ ಉಂಟು. ಹಲವು ಹಾಳೆಗಳನ್ನು ಜೋಡಿಸಿ ಅಂಟಿಸುವ ಆರು ಶೀಟಿನ, ಇಪ್ಪತ್ತನಾಲ್ಕು ಶೀಟಿನ ದೊಡ್ಡ ಪೋಸ್ಟರುಗಳು ಪೂರ್ತಿಯಾಗಿ ಸಿಗುವುದು ಅಪರೂಪ. ಚಿತ್ರಮಂದಿರದ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದ ಸ್ಥಿರಚಿತ್ರಗಳು, ಹೊರಗಡೆ ಮಾರುತ್ತಿದ್ದ ಹಾಡಿನ ಪುಸ್ತಕಗಳು, ಗಾಡಿಯ ಮೇಲಿಂದ ಎಸೆಯುತ್ತಿದ್ದ ಬಣ್ಣಬಣ್ಣದ ಕರಪತ್ರಗಳು ಇದೇ ಕುಟುಂಬದವು. ಹೊಸದಾಗಿ ಸಂಗ್ರಹ ಆರಂಭಿಸುವವರು ಹಾಡಿನ ಪುಸ್ತಕದಿಂದ ತೊಡಗುವುದು ಒಳ್ಳೆಯದೆಂಬುದು ಈ ಲೇಖಕನ ಅನಿಸಿಕೆ. ಅದು ಅಗ್ಗ, ಚಿಕ್ಕದು, ಅದನ್ನು ನಕಲು ಮಾಡಲು ಯಾರಿಗೂ ಅಷ್ಟು ಲಾಭವಿಲ್ಲ. ತಾರಾಗಣ, ತಂತ್ರಜ್ಞರು, ಕಥಾಸಾರ ಎಲ್ಲವೂ ಒಂದೇ ಕಡೆ ಸಿಗುತ್ತವೆ.

ಈ ಚೂರುಪಾರು ಕಾಗದಗಳಿಗೆ ಬೆಲೆ ಬಂದದ್ದು ಬರೀ ಮೋಜಿನಿಂದಲ್ಲ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿ ಇಂದು ಲಭ್ಯವಿಲ್ಲ. ಚಿತ್ರವೇ ಕಳೆದುಹೋದಾಗ ಅದರ ಪ್ರಚಾರಪತ್ರ, ಜಾಹೀರಾತು, ಸ್ಥಿರಚಿತ್ರಗಳೇ ಸಾಕ್ಷಿಗಳಾಗುತ್ತವೆ. ಪುಣೆಯಲ್ಲಿ 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಭಂಡಾರ ಚಿತ್ರಗಳ ಜೊತೆಗೆ ಪೋಸ್ಟರು, ಹಾಡಿನ ಪುಸ್ತಕಗಳನ್ನೂ ಕಾಪಿಡುತ್ತ ಬಂದಿರುವುದು ಇದೇ ಕಾರಣಕ್ಕೆ.

ಕಾಲ ಹೇಳುವ ಗುರುತುಗಳು

ಅಸಲಿ ಎಂದರೇನು ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಚಿತ್ರ ಮೊದಲ ಬಾರಿ ಬಿಡುಗಡೆಯಾದಾಗ ಪ್ರಚಾರಕ್ಕೆಂದು ಮುದ್ರಿಸಿದ್ದು ಮೊದಲ ಮುದ್ರಣ. ಅದೇ ಚಿತ್ರ ವರ್ಷಗಳ ನಂತರ ಮತ್ತೆ ಬಂದಾಗ ಮುದ್ರಿಸಿದ್ದು ಮರುಬಿಡುಗಡೆಯ ಪೋಸ್ಟರ್. ಇವೆರಡೂ ಟಾಕೀಸಿನ ಗೋಡೆಗೆಂದು ಹುಟ್ಟಿದವು. ಅಲಂಕಾರಕ್ಕೆಂದು ಈಚೆಗೆ ಮುದ್ರಿಸಿ ಮಾರುವುದು ಮರುಮುದ್ರಣ. ಹಾಗೆಂದು ಹೇಳಿ ಮಾರಿದರೆ ಅದರಲ್ಲಿ ತಪ್ಪಿಲ್ಲ. ಹಳೆಯದೆಂದು ಹೇಳಿ ಮಾರಿದಾಗ ಮಾತ್ರ ಅದು ನಕಲಿ. ಪೇಟೆಯಲ್ಲಿ ಮೋಸ ಹೋಗುವವರಲ್ಲಿ ಹಲವರು ಕೊಳ್ಳುವುದು ಅಪ್ಪಟ ನಕಲಿಯನ್ನಲ್ಲ, ಮೊದಲ ಮುದ್ರಣವೆಂದು ನಂಬಿ ಮರುಬಿಡುಗಡೆಯ ಪೋಸ್ಟರನ್ನು.

ಇದಕ್ಕೆ ಕನ್ನಡದಲ್ಲಿ ಒಂದು ಸರಳ ಪರೀಕ್ಷೆಯಿದೆ: ‘ಡಾ.’ ಎಂಬ ಒಂದಕ್ಷರ. ಮೈಸೂರು ವಿಶ್ವವಿದ್ಯಾಲಯ ರಾಜ್‌ಕುಮಾರ್ ಅವರಿಗೆ ಗೌರವ ಡಾಕ್ಟರೇಟ್ ನೀಡಿದ್ದು 1976ರಲ್ಲಿ. ‘ಕಸ್ತೂರಿ ನಿವಾಸ’ 1971ರದು, ‘ಬಂಗಾರದ ಮನುಷ್ಯ’ 1972ರದು, ‘ಗಂಧದ ಗುಡಿ’ 1973ರದು. ಈ ಚಿತ್ರಗಳ ಪೋಸ್ಟರಿನಲ್ಲಿ ‘ಡಾ. ರಾಜ್‌ಕುಮಾರ್’ ಎಂದಿದ್ದರೆ ಅದು ಮರುಬಿಡುಗಡೆಯದು ಎಂದು ಕಣ್ಣುಮುಚ್ಚಿ ಹೇಳಬಹುದು. ‘ಪದ್ಮಭೂಷಣ’ ಎಂದೂ ಸೇರಿದ್ದರೆ 1983ರ ಈಚಿನದು. ಇನ್ನೂ ಹಿಂದಕ್ಕೆ ಹೋದರೆ, ಮುತ್ತುರಾಜ್ ಎಂಬ ರಂಗನಟ ರಾಜ್‌ಕುಮಾರ್ ಆದದ್ದು 1954ರಲ್ಲಿ, ಎಚ್.ಎಲ್.ಎನ್. ಸಿಂಹ ನಿರ್ದೇಶನದ ‘ಬೇಡರ ಕಣ್ಣಪ್ಪ’ದ ಮೂಲಕ. 1950ರ ನಾಟಕದ ಕರಪತ್ರವೆಂದು ತೋರಿಸಿ ಅದರಲ್ಲಿ ‘ರಾಜ್‌ಕುಮಾರ್’ ಎಂಬ ಹೆಸರಿದ್ದರೆ ಮಾರುವವನಿಗೆ ನಮಸ್ಕಾರ ಹೇಳಿ ಎದ್ದು ಬರುವುದು ಲೇಸು.

ಇದೇ ನ್ಯಾಯ ವಿಷ್ಣುವರ್ಧನ್ ಅವರಿಗೂ ಅನ್ವಯಿಸುತ್ತದೆ. 1972ರ ‘ನಾಗರಹಾವು’ ಅವರಿಗೆ ಆ ಹೆಸರು ಕೊಟ್ಟ ಚಿತ್ರ. ಆಗ ಅವರು ಹೊಸಬರು. ‘ಸಾಹಸಸಿಂಹ’ ಚಿತ್ರ ಬಂದದ್ದು 1982ರಲ್ಲಿ. ‘ನಾಗರಹಾವು’ ಪೋಸ್ಟರಿನ ಮೇಲೆ ‘ಸಾಹಸಸಿಂಹ ವಿಷ್ಣುವರ್ಧನ್’ ಎಂದಿದ್ದರೆ ಅದರ ವಯಸ್ಸನ್ನು ಹತ್ತು ವರ್ಷವಾದರೂ ಇಳಿಸಿಕೊಳ್ಳಬೇಕು. ಆ ಚಿತ್ರವನ್ನು ಡಿಜಿಟಲ್ ರೂಪದಲ್ಲಿ 2018ರಲ್ಲಿ ಮತ್ತೆ ತೆರೆಗೆ ತಂದದ್ದನ್ನೂ ನೆನಪಿಡಬೇಕು. ಹಾಗೆಯೇ ಕಪ್ಪು ಬಿಳುಪಿನಲ್ಲಿ ಬಂದ ‘ಸತ್ಯ ಹರಿಶ್ಚಂದ್ರ’ (1965) ವರ್ಣಲೇಪಿತವಾಗಿ 2008ರಲ್ಲಿ, ‘ಕಸ್ತೂರಿ ನಿವಾಸ’ 2014ರಲ್ಲಿ ಬಿಡುಗಡೆಯಾದವು. ಇಲ್ಲೊಂದು ಎಚ್ಚರಿಕೆ ಅಗತ್ಯ: ಪೋಸ್ಟರು ಬಣ್ಣದಲ್ಲಿದೆ ಎಂಬ ಒಂದೇ ಕಾರಣಕ್ಕೆ ಅದು ಈಚಿನದೆನ್ನಲಾಗದು. ಮೊದಲ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ (1964) ಬರುವುದಕ್ಕೂ ಮೊದಲೇ ಕಪ್ಪು ಬಿಳುಪು ಚಿತ್ರಗಳ ಪೋಸ್ಟರುಗಳು ಬಣ್ಣದಲ್ಲೇ ಬರುತ್ತಿದ್ದವು. ನಾಯಕಿಯ ಸೀರೆಗೆ ಹಸಿರೋ ಕೆಂಪೋ ಎಂದು ನಿರ್ಧರಿಸುತ್ತಿದ್ದವನು ಪೋಸ್ಟರ್ ಬರೆಯುವ ಕಲಾವಿದ.

ಮುಖಪುಟ ಬಿಟ್ಟು ಅಂಚಿಗೆ ಬರೋಣ. ಮುದ್ರಿತ ಕಾಗದದ ಮೇಲೆ ಮುದ್ರಕನ ಹೆಸರು ಮತ್ತು ಸ್ಥಳ ಇರಬೇಕೆಂದು 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆ ವಿಧಿಸಿತ್ತು. ಕನ್ನಡ ಚಿತ್ರೋದ್ಯಮ ಬಹುಕಾಲ ಮದ್ರಾಸಿನ ಸ್ಟುಡಿಯೋಗಳನ್ನೇ ನೆಚ್ಚಿಕೊಂಡಿದ್ದರಿಂದ ಹಳೆಯ ಪೋಸ್ಟರುಗಳ ಅಂಚಿನಲ್ಲಿ ಮದ್ರಾಸು, ಶಿವಕಾಶಿಗಳ ಹೆಸರು ಕಂಡರೆ ಬೆರಗಾಗಬೇಕಿಲ್ಲ. ‘ಮದ್ರಾಸ್-24’, ‘ಮದ್ರಾಸ್-26’ ಎಂಬಂತಹ ಬರೀ ವಲಯ ಸಂಖ್ಯೆಯಿದ್ದರೆ ಅದು ಹಳೆಯ ಪದ್ಧತಿ. ಆರಂಕಿಯ ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಅದಕ್ಕೆ ಹಿಂದಿನದೆನ್ನುವ ಪೋಸ್ಟರಿನಲ್ಲಿ ಆರಂಕಿ ಇರಲಾಗದು. ಪಿನ್‌ಕೋಡ್ ಬಂದ ಮೇಲೂ ಹಳೆಯ ರೂಢಿಯಂತೆ ವಲಯ ಸಂಖ್ಯೆ ಬರೆದವರು ಇದ್ದರು, ಆದ್ದರಿಂದ ಈ ಗುರುತನ್ನು ಒಂದೇ ದಿಕ್ಕಿನಲ್ಲಿ ಬಳಸಬೇಕು. ‘ಚೆನ್ನೈ’ ಎಂದಿದ್ದರೆ 1996ರ ಈಚಿನದು. ಸೆನ್ಸಾರ್ ಗುರುತು ‘ಯು/ಎ’ ಎಂದಿದ್ದರೆ 1983ರ ಈಚಿನದು. ಆ ವರ್ಗ ಅದಕ್ಕೆ ಮುಂಚೆ ಇರಲೇ ಇಲ್ಲ.

ನಾಟಕದ ಕರಪತ್ರಕ್ಕೆ ಟಿಕೆಟ್ ದರವೇ ಪಂಚಾಂಗ. ದರ ಆಣೆಗಳಲ್ಲಿದ್ದರೆ ಅದು ಸಾಮಾನ್ಯವಾಗಿ 1957ರ ಏಪ್ರಿಲ್ 1ಕ್ಕೆ, ದಶಮಾಂಶ ನಾಣ್ಯ ಬರುವುದಕ್ಕೆ, ಮುಂಚಿನದು. ‘ನಯಾಪೈಸೆ’ ಎಂದಿದ್ದರೆ ಆಮೇಲಿನ ಕೆಲವು ವರ್ಷಗಳದ್ದು. 1964ರಲ್ಲಿ ‘ನಯಾ’ ಎಂಬುದು ಅಧಿಕೃತವಾಗಿ ಬಿದ್ದುಹೋಯಿತು. ಅಕ್ಷರದ ಆಕಾರವನ್ನೂ ನೋಡಬೇಕು. ಹಳೆಯ ಕರಪತ್ರ ಅಚ್ಚುಮೊಳೆ ಜೋಡಿಸಿ ಮುದ್ರಿಸಿದ್ದು. ಹಿಂಬದಿಯಲ್ಲಿ ಬೆರಳಾಡಿಸಿದರೆ ಅಕ್ಷರ ಒತ್ತಿದ ಉಬ್ಬು ಕೈಗೆ ಹತ್ತುತ್ತದೆ. ಒಂದೇ ಸಾಲಿನಲ್ಲಿ ಸವೆದ ಮೊಳೆ, ಹೊಸ ಮೊಳೆ ಬೆರೆತಿರುತ್ತವೆ. 1998ರಲ್ಲಿ ಬಂದ ‘ಬರಹ’ ಮತ್ತು ಅದರ ನಂತರದ ‘ನುಡಿ’ ತಂತ್ರಾಂಶಗಳ ಅಕ್ಷರಗಳನ್ನು ದಿನನಿತ್ಯ ಕಾಣುತ್ತಿರುವ ನಮಗೆ ಅವನ್ನು ಗುರುತಿಸುವುದು ಕಷ್ಟವಲ್ಲ. 1940ರ ದಶಕದ ಕರಪತ್ರ ಕಂಪ್ಯೂಟರ್ ಅಕ್ಷರದಲ್ಲಿದ್ದರೆ ಮುಂದೆ ಪರೀಕ್ಷೆಯೇ ಬೇಡ.

ಭೂತಗನ್ನಡಿಯ ಕೆಲಸ

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದು ಭೂತಗನ್ನಡಿ ಇದ್ದರೆ ಮುಕ್ಕಾಲುಪಾಲು ನಕಲಿಗಳು ಅಲ್ಲೇ ಸಿಕ್ಕಿಬೀಳುತ್ತವೆ. ಮೊದಲು ಕಲ್ಲಿನ ಮೇಲೆ, ನಂತರ ಸತುವಿನ ತಗಡಿನ ಮೇಲೆ ಕೈಯಿಂದ ಬರೆದು ಮುದ್ರಿಸಿದ ಲಿಥೋ ಪೋಸ್ಟರಿನಲ್ಲಿ ಬಣ್ಣ ಸೀಮೆಸುಣ್ಣದ ಗೆರೆಯಂತೆ ತರಿತರಿಯಾಗಿ, ಕ್ರಮವಿಲ್ಲದೆ ಹರಡಿರುತ್ತದೆ. ಆಫ್‌ಸೆಟ್ಟಿನಲ್ಲಿ ನಾಲ್ಕು ಬಣ್ಣಗಳ ಚುಕ್ಕಿಗಳು ಸೇರಿ ಪುಟ್ಟ ಹೂಗಳಂತೆ ಸಾಲಾಗಿ ಕಾಣುತ್ತವೆ. ಇಂದಿನ ಇಂಕ್‌ಜೆಟ್ ಮುದ್ರಣದಲ್ಲಿ ಶಾಯಿ ತುಂತುರು ಹನಿಯಂತೆ ಚೆಲ್ಲಿರುತ್ತದೆ. ಹಳೆಯ ಪೋಸ್ಟರನ್ನು ಸ್ಕ್ಯಾನ್ ಮಾಡಿ ಮತ್ತೆ ಮುದ್ರಿಸಿದರೆ ಹಳೆಯ ಚುಕ್ಕಿಗಳ ಮೇಲೆ ಹೊಸ ಚುಕ್ಕಿಗಳು ಬಿದ್ದು ಬಲೆಬಲೆಯಾದ ಅಲೆಗಳು ಏಳುತ್ತವೆ. ಸಣ್ಣ ಅಕ್ಷರಗಳ ಅಂಚು ಕದಡಿರುತ್ತದೆ. ಮುದ್ರಣಾಲಯದ ಹೆಸರನ್ನು ನೋಡಬೇಕೆನ್ನುವುದು ಇದಕ್ಕೂ ಹೌದು. ಅಸಲಿಯಲ್ಲಿ ಆ ಸಾಲು ಗಟ್ಟಿ ಶಾಯಿಯಲ್ಲಿ ಸ್ಪಷ್ಟವಾಗಿರುತ್ತದೆ, ನಕಲಿಯಲ್ಲಿ ಚುಕ್ಕಿಗಳಾಗಿ ಒಡೆದಿರುತ್ತದೆ.

ನಾಯಕಿಯ ತುಟಿಯ ಕೆಂಪು ತುಟಿಯಿಂದ ಕೂದಲೆಳೆಯಷ್ಟು ಸರಿದಿದ್ದರೆ ಅದು ದೋಷವಾದರೂ ಒಳ್ಳೆಯ ಲಕ್ಷಣ. ಬಣ್ಣಕ್ಕೊಂದು ತಗಡು ಇಟ್ಟು ಅವಸರದಲ್ಲಿ ಮುದ್ರಿಸುವಾಗ ಹೀಗಾಗುವುದು ಸಹಜವಾಗಿತ್ತು.

ಮಡಿಕೆಯ ಗೆರೆಗಳಿಗೆ ಹೆದರಬೇಕಾಗಿಲ್ಲ. ಪೋಸ್ಟರುಗಳು ಚಿತ್ರದ ಡಬ್ಬಿಯೊಡನೆ ಮಡಿಚಿಕೊಂಡೇ ಊರೂರಿಗೆ ಹೋಗುತ್ತಿದ್ದವು. ಆ ಮಡಿಕೆಯಲ್ಲಿ ಶಾಯಿ ಉದುರಿ ಬಿಳಿ ಗೆರೆ ಮೂಡಿರುತ್ತದೆ, ಬೆರಳಿಗೆ ತಗಲುತ್ತದೆ. ನಕಲಿಯಲ್ಲಿ ಮಡಿಕೆಯ ಚಿತ್ರವೂ ಮುದ್ರಣಗೊಂಡಿರುತ್ತದೆ, ಕಾಗದ ಮಾತ್ರ ನುಣ್ಣಗಿರುತ್ತದೆ. ಕಾಗದವನ್ನು ಚಹಾದಲ್ಲಿ ಅದ್ದಿ ಹಳೆಯದು ಮಾಡುವ ಕಲೆಯೂ ಉಂಟು. ನಿಜವಾದ ಮುಪ್ಪು ಅಂಚಿನಿಂದ ಒಳಕ್ಕೆ ನಡೆಯುತ್ತದೆ. ಗಾಳಿ ಬೆಳಕು ತಾಕಿದ ಕಡೆ ಕಂದು ಹೆಚ್ಚು, ಮಡಿಕೆಯ ಒಳಗೆ ಕಡಿಮೆ. ಚಹಾದ ಮುಪ್ಪು ಎಲ್ಲೆಡೆ ಒಂದೇ ಸಮ. ನೋಟು ಪರೀಕ್ಷಿಸಲು ಅಂಗಡಿಗಳಲ್ಲಿ ಇಟ್ಟಿರುವ ಅತಿನೇರಳೆ ದೀಪದ ಕೆಳಗೆ ಹಿಡಿದರೆ ಇಂದಿನ ಬಿಳಿ ಕಾಗದ ನೀಲಿಯಾಗಿ ಹೊಳೆಯುತ್ತದೆ, ಏಕೆಂದರೆ ಅದರಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಬೆರೆತಿರುತ್ತದೆ. ಎರಡನೆಯ ಮಹಾಯುದ್ಧಕ್ಕೆ ಹಿಂದಿನದೆನ್ನುವ ಕರಪತ್ರ ಹಾಗೆ ಹೊಳೆದರೆ ಸಂಶಯಪಡಬೇಕು. ಎಪ್ಪತ್ತರ ದಶಕದ ಕಾಗದದ ಬಗ್ಗೆ ಈ ಒಂದೇ ಪರೀಕ್ಷೆಯಿಂದ ತೀರ್ಮಾನಕ್ಕೆ ಬರಲಾಗದು.

ಸ್ಯಾನ್‌ಫ್ರಾನ್ಸಿಸ್ಕೋದ ಪಾಠ

ಗೋಡೆಯ ಕಾಗದ ಸಂಗ್ರಹಯೋಗ್ಯ ವಸ್ತುವಾದ ಬಗೆಗೆ ಅಮೆರಿಕದ ಉದಾಹರಣೆ ಪ್ರಸಿದ್ಧ. 1966ರ ಸುಮಾರಿಗೆ ಸ್ಯಾನ್‌ಫ್ರಾನ್ಸಿಸ್ಕೋ ನಗರದ ಫಿಲ್‌ಮೋರ್, ಅವಲಾನ್ ಸಭಾಂಗಣಗಳ ರಾಕ್ ಸಂಗೀತ ಕಛೇರಿಗಳಿಗೆ ವೆಸ್ ವಿಲ್ಸನ್, ವಿಕ್ಟರ್ ಮೊಸ್ಕೊಸೊ ಮೊದಲಾದವರು ಕರಗಿ ಹರಿಯುವಂತಹ ಅಕ್ಷರಗಳ, ಕಣ್ಣು ಕುಕ್ಕುವ ಬಣ್ಣಗಳ ಪೋಸ್ಟರುಗಳನ್ನು ಬರೆದರು. ಕಛೇರಿಗೆ ಮುಂಚೆ ಮುದ್ರಿಸಿದ್ದು ಕೆಲವೇ ಪ್ರತಿ. ಜನ ಕಂಬಗಳಿಂದ ಕಿತ್ತುಕೊಂಡು ಹೋಗತೊಡಗಿದಾಗ ಮಾರಾಟಕ್ಕೆಂದೇ ಮತ್ತೆ ಮತ್ತೆ ಮುದ್ರಣವಾದವು. ಸ್ಟ್ಯಾನ್ಲಿ ಮೌಸ್ ಮತ್ತು ಆಲ್ಟನ್ ಕೆಲ್ಲಿ ರೂಪಿಸಿದ, ಗುಲಾಬಿ ತೊಟ್ಟ ಅಸ್ಥಿಪಂಜರದ ‘ಗ್ರೇಟ್‌ಫುಲ್ ಡೆಡ್’ ಪೋಸ್ಟರಿನ (1966) ಮೊದಲ ಮುದ್ರಣ ಯಾವುದು, ನಂತರದ್ದು ಯಾವುದು ಎಂದು ಅಲ್ಲಿನ ಸಂಗ್ರಾಹಕರು ಹೇಳುವುದು ಅಳತೆ, ಕಾಗದ ಮತ್ತು ಅಂಚಿನ ಸಣ್ಣಕ್ಷರಗಳಿಂದ. ವಿಶೇಷವೆಂದರೆ ಅಲ್ಲಿ ಪ್ರತಿ ಕಛೇರಿಯ ಪೋಸ್ಟರಿಗೂ ಕ್ರಮಸಂಖ್ಯೆ ಇತ್ತು, ಮುದ್ರಣಗಳ ವ್ಯತ್ಯಾಸ ದಾಖಲಿಸಿದ ಕೈಪಿಡಿಗಳು ಬಂದವು. ಕನ್ನಡ ಪೋಸ್ಟರುಗಳಿಗೆ ಅಂತಹ ಸೂಚಿ ಒಂದಿದ್ದರೆ ಮೇಲೆ ಹೇಳಿದ ಪತ್ತೇದಾರಿಕೆಯ ಅರ್ಧ ತಪ್ಪುತ್ತಿತ್ತು.

ಮರುಬಿಡುಗಡೆಯ ಪೋಸ್ಟರನ್ನು ಕೀಳಾಗಿ ಕಾಣುವ ಪರಿಪಾಠವನ್ನೂ ನಾವು ಅಲ್ಲಿಂದಲೇ ಎರವಲು ತಂದಂತಿದೆ. ಅದು ಇಲ್ಲಿಗೆ ಒಗ್ಗುವುದಿಲ್ಲ. ಹೊಸ ಚಿತ್ರ ಬೆಂಗಳೂರು, ಮೈಸೂರುಗಳಲ್ಲಿ ಓಡಿ ಮುಗಿದ ಮೇಲೆ ಸವೆದ ಪ್ರತಿ ಹನೂರಿನಂತಹ ಊರುಗಳ ಟೆಂಟಿಗೆ ಬರುತ್ತಿದ್ದ ಕಾಲವದು. ಹಳ್ಳಿಗನ ಪಾಲಿಗೆ ಎರಡನೆಯ, ಮೂರನೆಯ ಸುತ್ತಿನ ಪೋಸ್ಟರೇ ಮೊದಲನೆಯದು. ಅದರ ಮೇಲೆ ‘ಇಂದಿನಿಂದ’ ಎಂಬ ಚೀಟಿಯನ್ನೋ, ಟಾಕೀಸಿನ ಹೆಸರು ಮತ್ತು ಆಟದ ವೇಳೆಯನ್ನು ಒತ್ತಿದ ಪಟ್ಟಿಯನ್ನೋ ಅಂಟಿಸಿದ್ದರೆ ಕೆಲವರು ಅಂದ ಕೆಟ್ಟಿತೆಂದು ಅದನ್ನು ಕೀಳುತ್ತಾರೆ. ಹಾಗೆ ಮಾಡಬಾರದು. ಆ ಚಿತ್ರ ಆ ಊರಿಗೆ ಬಂದಿತ್ತು ಎನ್ನಲು ಉಳಿದಿರುವ ದಾಖಲೆ ಬಹುಶಃ ಅದೊಂದೇ.

ಕಟ್ಟು ಹಾಕಿಸುವಾಗ

ನಮ್ಮ ಪೇಟೆಗಳ ಫೋಟೋ ಕಟ್ಟು ಹಾಕುವ ಅಂಗಡಿಗಳು ಬೆಳೆದದ್ದು ದೇವರ ಪಟಗಳಿಂದ. ಹುಲಿಯ ಮೇಲೆ ಕುಳಿತ ಮಲೆಮಹದೇಶ್ವರನ ಪಟವಿಲ್ಲದ ಮನೆ ಈ ಸೀಮೆಯಲ್ಲಿ ಕಡಿಮೆ. ದೇವರ ಪಟ ಮಸುಕಾದರೆ ಮುಂದಿನ ಜಾತ್ರೆಯಲ್ಲಿ ಹೊಸದು ಸಿಗುತ್ತದೆ. ಆದ್ದರಿಂದ ಹಾರ್ಡ್‌ಬೋರ್ಡಿಗೆ ಅಂಟು ಬಳಿದು, ಚಿತ್ರ ಒತ್ತಿ, ಗಾಜನ್ನು ನೇರವಾಗಿ ಮೇಲಿಟ್ಟು ಮೊಳೆ ಹೊಡೆಯುವ ಪದ್ಧತಿಯಲ್ಲಿ ಯಾರಿಗೂ ನಷ್ಟವಿರಲಿಲ್ಲ. ಮತ್ತೆ ಸಿಗದ ಪೋಸ್ಟರಿಗೆ ಅದೇ ಪದ್ಧತಿ ಮಾರಕ. ಅಂಗಡಿಯವರನ್ನು ದೂರುವುದರಲ್ಲಿ ಅರ್ಥವಿಲ್ಲ; ಏನು ಬೇಕೆಂದು ಹೇಳಬೇಕಾದವರು ನಾವು.

ಮೊದಲ ಮಾತು, ಅಂಟು ಬೇಡ. ಫೆವಿಕಾಲ್, ರಬ್ಬರ್ ಸಲ್ಯೂಷನ್, ಸೆಲೋಟೇಪ್ ಮೂರೂ ಬೇಡ. ಸೆಲೋಟೇಪಿನ ಗೋಂದು ಕೆಲವೇ ವರ್ಷಗಳಲ್ಲಿ ಕಂದಾಗಿ ಕಾಗದದೊಳಕ್ಕೆ ಇಳಿಯುತ್ತದೆ, ಆಮೇಲೆ ತಜ್ಞರಿಗೂ ಅದನ್ನು ತೆಗೆಯುವುದು ಕಷ್ಟ. ಬಿಸಿ ಒತ್ತಿನ ಲ್ಯಾಮಿನೇಷನ್ನಂತೂ ಬಿಡಿಸಲಾಗದ ಗಂಟು. ಸಂರಕ್ಷಣೆಯ ನಿಯಮವೆಂದರೆ, ಇಂದು ಮಾಡಿದ್ದನ್ನು ನಾಳೆ ಕಾಗದಕ್ಕೆ ಧಕ್ಕೆಯಾಗದಂತೆ ಬಿಚ್ಚಲು ಬರಬೇಕು. ಅದಕ್ಕಾಗಿಯೇ ತಜ್ಞರು ಜಪಾನಿ ತೆಳುಕಾಗದದ ಸಣ್ಣ ಪಟ್ಟಿಗಳನ್ನು ಶುದ್ಧ ಗೋಧಿ ಪಿಷ್ಟದ ಗಂಜಿಯಿಂದ ಪೋಸ್ಟರಿನ ಮೇಲಂಚಿನ ಹಿಂಬದಿಗೆ ಅಂಟಿಸಿ, ಆ ಪಟ್ಟಿಗಳಿಂದ ಅದನ್ನು ತೂಗುಬಿಡುತ್ತಾರೆ. ನೀರು ತಾಕಿಸಿದರೆ ಗಂಜಿ ಬಿಡುತ್ತದೆ. ಪೋಸ್ಟರ್ ಅಂಟಿಸುವವರು ಮೈದಾ ಗಂಜಿಗೆ ಹುಳು ಬಾರದಿರಲೆಂದು ಮೈಲುತುತ್ತ ಬೆರೆಸುತ್ತಿದ್ದರಲ್ಲ, ಅದು ಗೋಡೆಗೆ ಸರಿ, ಇಲ್ಲಿಗೆ ಸಲ್ಲದು.

ಹರಿದು ಚೂರಾಗುತ್ತಿರುವ ಪೋಸ್ಟರನ್ನು ಪೂ‌ರ್ತಿಯಾಗಿ ಜಪಾನಿ ಕಾಗದ ಮತ್ತು ಬಟ್ಟೆಯ ಮೇಲೆ ಕೂರಿಸುವ ವಿಧಾನವೂ ಇದೆ. ಅದನ್ನೂ ಪಿಷ್ಟದ ಗಂಜಿಯಿಂದಲೇ ಮಾಡಬೇಕು, ಮನೆಯಲ್ಲಿ ಪ್ರಯೋಗ ಮಾಡಬಾರದು. ಒದ್ದೆಯಾದರೆ ರಬ್ಬರ್ ಮುದ್ರೆಯ ಶಾಯಿಯೂ, ಕೆಲವು ಕೆಂಪು ನೇರಳೆ ಬಣ್ಣಗಳೂ ಹರಿಯುತ್ತವೆ. ಬೆಂಗಳೂರಿನಲ್ಲಿ ಇನ್‌ಟ್ಯಾಕ್ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರವಿದೆ. ಬೆಲೆಬಾಳುವ ವಸ್ತುವಾದರೆ ಅಂತಹವರನ್ನು ಕೇಳಿಯೇ ಮುಂದುವರಿಯುವುದು ಕ್ಷೇಮ.

ಎರಡನೆಯದು, ಗಾಜು ಪೋಸ್ಟರಿಗೆ ತಾಗಕೂಡದು. ಮಳೆಗಾಲದಲ್ಲಿ ಗಾಜಿನ ಒಳಮೈಗೆ ತೇವ ಕೂತು ಶಾಯಿ ಅದಕ್ಕೆ ಅಂಟಿಕೊಳ್ಳುತ್ತದೆ, ಬೂಸ್ಟು ಹಿಡಿಯುತ್ತದೆ. ಚಿತ್ರದ ಸುತ್ತ ಕಿಟಕಿಯಂತೆ ಕತ್ತರಿಸಿದ ದಪ್ಪ ಮೌಂಟ್ ಬೋರ್ಡ್ ಇಟ್ಟರೆ ಮೂರು ನಾಲ್ಕು ಮಿಲಿಮೀಟರ್ ಅಂತರ ತಾನಾಗಿ ದೊರೆಯುತ್ತದೆ. ಆ ಬೋರ್ಡೂ, ಬೆನ್ನಿಗಿಡುವ ಬೋರ್ಡೂ ಆಮ್ಲರಹಿತವಾಗಿರಬೇಕು. ಪ್ಲೈವುಡ್, ಹಾರ್ಡ್‌ಬೋರ್ಡುಗಳಿಂದ ಹೊರಡುವ ಆಮ್ಲ ಕಾಗದವನ್ನು ಹಿಂದಿನಿಂದ ಸುಡುತ್ತದೆ. ಹಳೆಯ ಫೋಟೋ ಬಿಚ್ಚಿ ನೋಡಿದವರಿಗೆ ಮರದ ಎಳೆಗಳ ಗುರುತು ಕಾಗದದ ಮೇಲೆ ಕಂದಾಗಿ ಮೂಡಿರುವುದು ಪರಿಚಿತ. ಕಿಟಕಿಯನ್ನು ಪೋಸ್ಟರಿಗಿಂತ ತುಸು ದೊಡ್ಡದಾಗಿ ಕತ್ತರಿಸಲು ಹೇಳಬೇಕು. ಮುದ್ರಣಾಲಯದ ಸಾಲು ಬೋರ್ಡಿನ ಕೆಳಗೆ ಅಡಗದೆ ಹೊರಗೆ ಕಾಣುತ್ತಿರಲಿ. ಅಂಚು ಅಂಕುಡೊಂಕಾಗಿದ್ದರೆ ಅಂಕುಡೊಂಕಾಗಿಯೇ ಇರಲಿ, ಕತ್ತರಿ ಬೇಡ.

ಬೆಳಕು ಮೂರನೆಯ ಶತ್ರು. ಕಾಗದದ ಮೇಲಿನ ಬಣ್ಣಗಳಿಗೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೇಡವೆಂಬುದು ವಸ್ತುಸಂಗ್ರಹಾಲಯಗಳ ರೂಢಿ. ಮನೆಯಲ್ಲಿ ಅಷ್ಟು ಮಬ್ಬು ಸಾಧ್ಯವಿಲ್ಲ. ಬಿಸಿಲು ನೇರ ಬೀಳದ ಗೋಡೆ ಆರಿಸಿ, ಅತಿನೇರಳೆ ಕಿರಣ ತಡೆಯುವ ಅಕ್ರಿಲಿಕ್ ಹಾಳೆ ಹಾಕಿಸಿದರೆ ತಕ್ಕಮಟ್ಟಿಗೆ ರಕ್ಷಣೆ. 30×40 ಅಂಗುಲಕ್ಕೆ ಗಾಜು ಭಾರವೂ ಹೌದು. ಸಾಮಾನ್ಯವಾಗಿ ಹಳದಿ, ಕೆಂಪುಗಳೇ ಮೊದಲು ಹಾರಿಹೋಗಿ ಮುಖಗಳೆಲ್ಲ ನೀಲಿಗಟ್ಟುತ್ತವೆ. ಹೊರಗಿನ ಮಳೆ ಹೊಡೆಯುವ ಗೋಡೆಗೆ ತೂಗುಹಾಕಬಾರದು. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೆ ಬಿರಡೆಯ ಚೂರು ಅಂಟಿಸಿದರೆ ಗಾಳಿಯಾಡುತ್ತದೆ. ವರ್ಷಕ್ಕೊಮ್ಮೆ, ಮಳೆಗಾಲ ಕಳೆದ ಮೇಲೆ, ಇಳಿಸಿ ಹಿಂಬದಿಯಲ್ಲಿ ಗೆದ್ದಲಿನ ದಾರಿ ಇದೆಯೇ ಎಂದು ನೋಡಬೇಕು.

ತೂಗುಹಾಕದೆ ಇಡುವುದಾದರೆ ಚಪ್ಪಟೆಯಾಗಿ ಇಡಬೇಕು. ರೇಷ್ಮೆ ಸೀರೆಯ ಮಡಿಕೆಯನ್ನು ಆಗಾಗ ಬದಲಿಸಿಡುವುದು ಕೊಳ್ಳೇಗಾಲದ ಮನೆಗಳಿಗೆ ಹೇಳಿಕೊಡಬೇಕಾದ ಪಾಠವಲ್ಲ. ಕಾಗದಕ್ಕೆ ಆ ಉಪಚಾರ ಮಾಡಿದರೆ ಮಾತ್ರ ಪ್ರತಿ ಹೊಸ ಮಡಿಕೆಯೂ ಹೊಸ ಹರುಕು. ದಿನಪತ್ರಿಕೆಯಲ್ಲಿ ಸುತ್ತಬಾರದು, ನುಸಿಗುಳಿಗೆಯನ್ನು ಕಾಗದಕ್ಕೆ ತಾಗಿಸಿ ಇಡಬಾರದು.

ಕೊಳ್ಳುವ ಮುನ್ನ, ಕೊಟ್ಟ ಮೇಲೆ

ಪೋಸ್ಟರು ಕೈಯಲ್ಲಿದೆ ಎಂದ ಮಾತ್ರಕ್ಕೆ ಅದರ ಚಿತ್ರವನ್ನು ಮುದ್ರಿಸಿ ಮಾರುವ ಹಕ್ಕು ಸಿಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಲಾಕೃತಿಯ ಹಕ್ಕು ಕಲಾವಿದನ ಮರಣಾನಂತರ 60 ವರ್ಷ ಇರುತ್ತದೆ. ನೂರು ವರ್ಷ ತುಂಬಿದ ವಸ್ತುಗಳಿಗೆ ಅನ್ವಯಿಸುವ 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಕನ್ನಡ ವಾಕ್ಚಿತ್ರದ ಯಾವ ಪೋಸ್ಟರೂ ಇನ್ನೂ ಬಂದಿಲ್ಲ.

ಬೆಲೆಗೆ ಸ್ಥಿರ ದರಪಟ್ಟಿಯಿಲ್ಲ. ರದ್ದಿಯ ತೂಕಕ್ಕೆ ಹೋದದ್ದೇ ನಾಲ್ಕು ಕೈ ದಾಟಿ ನಗರದ ಅಂಗಡಿಯ ಗಾಜಿನ ಹಿಂದೆ ಕೂರಬಹುದು. ಮುಚ್ಚಿದ ಟಾಕೀಸಿನ ಮಾಲೀಕರ ಮನೆಯಿಂದ ಕೊಳ್ಳುವವರು ಕನಿಷ್ಠ ಎರಡು ಕೆಲಸ ಮಾಡಬೇಕು. ಯಾವ ಊರಿನ, ಯಾವ ಚಿತ್ರಮಂದಿರದ ದಾಸ್ತಾನು ಎಂಬುದನ್ನು ಅಲ್ಲೇ ಕೇಳಿ ಬರೆದುಕೊಳ್ಳಬೇಕು. ಆ ಟಿಪ್ಪಣಿಯನ್ನು ಪೋಸ್ಟರಿನ ಮೇಲಲ್ಲ, ಬೇರೆ ಹಾಳೆಯಲ್ಲಿ, ಪೆನ್ಸಿಲ್ಲಿನಲ್ಲಿ ಬರೆಯಬೇಕು. ಕಟ್ಟು ಹಾಕಲು ಕೊಡುವ ಮುನ್ನ ಮುಂಬದಿ, ಹಿಂಬದಿ ಮತ್ತು ಕೆಳಗಿನ ಅಂಚಿನ ಛಾಯಾಚಿತ್ರಗಳನ್ನು ಅಳತೆಪಟ್ಟಿಯೊಡನೆ ತೆಗೆದಿಟ್ಟುಕೊಳ್ಳಬೇಕು. ಅಂಗಡಿಯಿಂದ ಬಂದ ಚೌಕಟ್ಟನ್ನು ಗೋಡೆಗೇರಿಸುವ ಮೊದಲು ಆ ಛಾಯಾಚಿತ್ರದ ಪಕ್ಕದಲ್ಲಿಟ್ಟು ಮುದ್ರಣಾಲಯದ ಸಾಲು ಇನ್ನೂ ಇದೆಯೇ ಎಂದು ನೋಡಿದರೆ ಸಾಕು.